ವಜ್ರ ಹುಟ್ಟಿಸುವ ಕಬ್ಬಿಣವೇ ವಜ್ರವನ್ನು ತಿನ್ನುತ್ತದೆ

ಪ್ರಶ್ನೆ: ನಮಸ್ಕಾರ ಸರ್. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಲ್ಯೂಮಿನಿಯಂ ಜಾಬ್‌ಗೆ ಅಂತ ತಂದ ಪಿಸಿಡಿ ಇನ್ಸರ್ಟ್, ಅಂದರೆ ವಜ್ರದ ಪುಡಿ ಬೆಸೆದು ಮಾಡಿದ ಕತ್ತರಿಸುವ ತುದಿ, ತಿಂಗಳುಗಟ್ಟಲೆ ಬಾಳಿಕೆ ಬಂತು. ಅದನ್ನೇ ಹಾರ್ಡನ್ ಮಾಡಿದ ಈಎನ್31 ಸ್ಟೀಲ್ ಶಾಫ್ಟ್‌ಗೆ ಹಾಕಿ ನೋಡಿದೆವು. ಕೆಲವೇ ನಿಮಿಷಕ್ಕೆ ಎಡ್ಜ್ ಹೋಯಿತು. ವಜ್ರಕ್ಕಿಂತ ಗಟ್ಟಿ ಯಾವುದೂ ಇಲ್ಲ ಅಂತಾರೆ. ಹಾಗಿದ್ದರೆ ಸ್ಟೀಲ್ ಅದನ್ನು ಹೇಗೆ ಸವೆಸಿತು? ಟೂಲ್ ಅಂಗಡಿಯವರು ಸಿಬಿಎನ್ ಹಾಕಿ ಅಂತಾರೆ. ಅದು ವಜ್ರಕ್ಕಿಂತ ಮೆತ್ತಗೆ ಅಂತಲೂ ಅವರೇ ಹೇಳುತ್ತಾರೆ. ಇವನ್ನೆಲ್ಲ ಹೇಗೆ ಮಾಡುತ್ತಾರೆ? ಇಷ್ಟು ಚಿಕ್ಕ ತುದಿಗೆ ಅಷ್ಟು ಬೆಲೆ ಯಾಕೆ?

ಉತ್ತರ: ಅಂಗಡಿಯವರು ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಶಾಫ್ಟ್‌ಗೆ ಬೇಕಾದದ್ದು ಸಿಬಿಎನ್, ಅಂದರೆ ಕ್ಯೂಬಿಕ್ ಬೋರಾನ್ ನೈಟ್ರೈಡ್. ಯಾಕೆ ಅನ್ನುವುದಕ್ಕೆ ಉತ್ತರ ಸಿಗಬೇಕಾದರೆ ನಿಮ್ಮ ಇನ್ನೊಂದು ಪ್ರಶ್ನೆಯಿಂದ, ಇವನ್ನು ಹೇಗೆ ಮಾಡುತ್ತಾರೆ ಅನ್ನುವುದರಿಂದ ಶುರು ಮಾಡಬೇಕು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಪ್ರೆಸ್‌ನೊಳಗೆ ವಜ್ರ ಹುಟ್ಟಲು ಯಾವ ಲೋಹ ಬೇಕೋ, ನಿಮ್ಮ ಲೇತ್ ಮೇಲೆ ವಜ್ರವನ್ನು ತಿಂದದ್ದೂ ಅದೇ ಲೋಹ.

ಮೊದಲು ಗಡಸುತನದ ಲೆಕ್ಕ ನೋಡೋಣ. 60 ಎಚ್‌ಆರ್‌ಸಿಗೆ ಹಾರ್ಡನ್ ಮಾಡಿದ (ಎಚ್‌ಆರ್‌ಸಿ ಅಂದರೆ ರಾಕ್‌ವೆಲ್ ಗಡಸುತನದ ಅಳತೆ) ನಿಮ್ಮ ಸ್ಟೀಲಿನ ಗಡಸುತನ, ಒತ್ತಡದ ಅಳತೆಯಲ್ಲಿ ಹೇಳಿದರೆ, ಸುಮಾರು 7 ಗಿಗಾಪ್ಯಾಸ್ಕಲ್. ಸಿಬಿಎನ್ ಹರಳಿನದು 45ರಿಂದ 50. ವಜ್ರದ ಹರಳಿನದು 70ರಿಂದ 100, ಯಾವ ಮುಖದ ಮೇಲೆ ಅಳೆಯುತ್ತೀರಿ ಅನ್ನುವುದರ ಮೇಲೆ ಇನ್ನೂ ಜಾಸ್ತಿ. ಲೆಕ್ಕದ ಪ್ರಕಾರ ವಜ್ರ ನಿಮ್ಮ ಸ್ಟೀಲಿಗಿಂತ ಹತ್ತು ಪಟ್ಟು ಗಟ್ಟಿ. ಆದರೆ ಈ ಅಂಕಿಗಳೆಲ್ಲ ಬಂದದ್ದು ತಣ್ಣಗಿನ ಕೋಣೆಯಲ್ಲಿ. ಒಂದು ಮೊನೆಯನ್ನು ಕೆಲವು ಸೆಕೆಂಡು ಒತ್ತಿ, ಬಿದ್ದ ಗುರುತನ್ನು ಅಳೆದು ಬರೆದುಕೊಂಡದ್ದು. ಅಲ್ಲಿ ಉಜ್ಜಾಟ ಇಲ್ಲ, ಕಾವು ಇಲ್ಲ, ಒಂದು ವಸ್ತು ಇನ್ನೊಂದರೊಳಗೆ ಸೇರಿಕೊಳ್ಳುವ ಅವಕಾಶವೂ ಇಲ್ಲ. ಹಾರ್ಡನ್ ಆದ ಸ್ಟೀಲನ್ನು ಟರ್ನ್ ಮಾಡುವಾಗ ತುದಿ ಮತ್ತು ಚಿಪ್ (ಕತ್ತರಿಸಿ ಬರುವ ಸುರುಳಿ) ಮುಟ್ಟುವ ಜಾಗದಲ್ಲಿ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಚಿಪ್ ಕೆಂಪಗೆ ಬರುವುದನ್ನು ನೀವೇ ನೋಡಿರುತ್ತೀರಿ. ಆ ಜಾಗದಲ್ಲಿ ಗಡಸುತನದ ಪಟ್ಟಿಗಿಂತ ರಸಾಯನಶಾಸ್ತ್ರದ ಮಾತೇ ಹೆಚ್ಚು ನಡೆಯುತ್ತದೆ.

ಈಗ ಪ್ರೆಸ್‌ನ ಕಡೆ ಹೋಗೋಣ. ವಜ್ರವೂ ಇಂಗಾಲ, ಪೆನ್ಸಿಲ್ ಸೀಸದೊಳಗಿನ ಗ್ರಾಫೈಟೂ ಇಂಗಾಲ. ಗ್ರಾಫೈಟಿನಲ್ಲಿ ಪರಮಾಣುಗಳು ಹಾಳೆ ಹಾಳೆಯಾಗಿ ಕೂತಿರುತ್ತವೆ. ಹಾಳೆಯೊಳಗಿನ ಬಂಧ ವಜ್ರದ ಬಂಧಕ್ಕಿಂತಲೂ ಗಟ್ಟಿ, ಹಾಳೆ ಹಾಳೆಗಳ ನಡುವಿನ ಹಿಡಿತ ಮಾತ್ರ ತೀರಾ ಸಡಿಲ. ವಜ್ರದಲ್ಲಿ ಪ್ರತಿ ಪರಮಾಣುವಿಗೂ ನಾಲ್ಕು ಕಡೆ ಸಮಾನ ಹಿಡಿತ. ಹಾಗಾಗಿ ವಜ್ರ ಹೆಚ್ಚು ಒತ್ತಾಗಿರುತ್ತದೆ: ಗ್ರಾಫೈಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.26 ಗ್ರಾಂ, ವಜ್ರದ್ದು 3.51. ಒತ್ತಡ ಹಾಕಿದರೆ ಪದಾರ್ಥ ಕಡಿಮೆ ಜಾಗ ಹಿಡಿಯುವ ರೂಪದ ಕಡೆಗೇ ವಾಲುತ್ತದೆ. ವಜ್ರ ಮಾಡಲು ಒತ್ತಡ ಬೇಕಾಗುವುದು ಇದಕ್ಕೇ. ನಾವು ಬದುಕುವ ಒತ್ತಡದಲ್ಲಿ ಇಂಗಾಲಕ್ಕೆ ಸ್ಥಿರವಾದ ರೂಪ ಗ್ರಾಫೈಟ್. ನಿಮ್ಮ ಮನೆಯವರ ಉಂಗುರದ ವಜ್ರವೂ ಲೆಕ್ಕದ ಪ್ರಕಾರ ಗ್ರಾಫೈಟ್ ಆಗಲೇಬೇಕಾದದ್ದು. ಆಗುವುದಿಲ್ಲ, ಯಾಕೆಂದರೆ ಬಂಧಗಳನ್ನು ಬಿಡಿಸುವಷ್ಟು ಶಕ್ತಿ ಕೋಣೆಯ ಉಷ್ಣತೆಯಲ್ಲಿ ಅದಕ್ಕೆ ಸಿಗುವುದಿಲ್ಲ. ಎಷ್ಟು ತಲೆಮಾರು ಕಳೆದರೂ ಉಂಗುರಕ್ಕೆ ಏನೂ ಆಗದು. ಆದರೆ ಬಿಸಿ ಮಾಡುತ್ತಾ ಹೋದರೆ ಕಥೆ ಬೇರೆಯೇ ಆಗುತ್ತದೆ.

ಎಷ್ಟು ಒತ್ತಡ ಬೇಕು? ಅದು ಕಾವಿನ ಮೇಲೆ ಹೋಗುತ್ತದೆ. 1400 ಡಿಗ್ರಿಯಲ್ಲಿ ಗ್ರಾಫೈಟ್ ಮತ್ತು ವಜ್ರ ಸರಿಸಮ ಆಗುವ ಗೆರೆ ಸುಮಾರು 5.4 ಗಿಗಾಪ್ಯಾಸ್ಕಲ್‌ನಲ್ಲಿದೆ. ಅದಕ್ಕಿಂತ ಕೆಳಗೆ ಗ್ರಾಫೈಟ್ ಗೆಲ್ಲುತ್ತದೆ, ಮೇಲೆ ವಜ್ರ. ಕಾವು ಏರಿದಷ್ಟೂ ಈ ಗೆರೆಯೂ ಏರುತ್ತದೆ. 5.5 ಗಿಗಾಪ್ಯಾಸ್ಕಲ್ ಅಂದರೆ ಒಂದು ಚದರ ಸೆಂಟಿಮೀಟರಿಗೆ 56 ಟನ್. ಪೂರ್ತಿ ಲೋಡ್ ಆದ ಹತ್ತು ಚಕ್ರದ ಲಾರಿ ಎರಡನ್ನು ಒಂದರ ಮೇಲೊಂದು ಪೇರಿಸಿ, ಅಷ್ಟೂ ಭಾರವನ್ನು ನಿಮ್ಮ ಬೆರಳಿನ ಉಗುರಿನಷ್ಟು ಜಾಗದ ಮೇಲೆ ಇಟ್ಟ ಹಾಗೆ. ಜೊತೆಗೆ ಆ ಜಾಗ ಕಬ್ಬಿಣ ಕರಗಿಸುವಷ್ಟು ಬಿಸಿ ಇರಬೇಕು. ಹಾಗೆಯೇ ಕೆಲವು ನಿಮಿಷ ನಿಲ್ಲಬೇಕು. ಒಡವೆಯ ಗಾತ್ರದ ಹರಳು ಬೇಕಾದರೆ ದಿನಗಟ್ಟಲೆ ನಿಲ್ಲಬೇಕು.

ಒತ್ತಡ ಒಂದೇ ಸಾಲದು. ಹಾರ್ವರ್ಡ್‌ನ ಪರ್ಸಿ ಬ್ರಿಡ್ಜ್‌ಮನ್ ಅಧಿಕ ಒತ್ತಡದ ವಿಜ್ಞಾನಕ್ಕೆ ಅಡಿಪಾಯ ಹಾಕಿದವರು. 1946ರಲ್ಲಿ ಅದಕ್ಕಾಗಿ ಭೌತಶಾಸ್ತ್ರದ ನೊಬೆಲ್ ಕೂಡ ಬಂತು. ಅವರು ಗ್ರಾಫೈಟನ್ನು ಎಷ್ಟು ಒತ್ತಿದರೂ ಅದು ವಜ್ರವಾಗಲಿಲ್ಲ. ಒತ್ತಡ ಇದ್ದಾಗ ಕಾವು ಸಾಲದು, ಕಾವು ಇದ್ದಾಗ ಒತ್ತಡ ಸಾಲದು. ನಿಜಕ್ಕೂ ಅವರಿಗೆ ಸಿಗದೆ ಉಳಿದದ್ದು ಗ್ರಾಫೈಟಿನ ಬಂಧ ಬಿಡಿಸಿ ಕೊಡುವ ಮಧ್ಯವರ್ತಿ. ಆ ಮಧ್ಯವರ್ತಿ ಕರಗಿದ ಲೋಹ.

ಸ್ವೀಡನ್ನಿನ ಆಸಿಯಾ ಕಂಪನಿಯವರು ಫೆಬ್ರವರಿ 1953ರಲ್ಲೇ ವಜ್ರ ಮಾಡಿದ್ದರು. ಆದರೆ ಗುಟ್ಟಾಗಿ ಇಟ್ಟುಕೊಂಡರು. ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ 16 ಡಿಸೆಂಬರ್ 1954ರಂದು ತಾವೇ ರೂಪಿಸಿದ ಬೆಲ್ಟ್ ಪ್ರೆಸ್‌ನಲ್ಲಿ ವಜ್ರ ಪಡೆದರು. ಅವರು ಗ್ರಾಫೈಟ್ ಜೊತೆ ಇಟ್ಟಿದ್ದು ಕಬ್ಬಿಣ-ಗಂಧಕದ ಸಂಯುಕ್ತ. 15 ಫೆಬ್ರವರಿ 1955ಕ್ಕೆ ಕಂಪನಿ ಜಗತ್ತಿಗೆ ಸಾರಿತು. ಇದೇ ತಂಡದ ಇನ್ನೊಬ್ಬ ವಿಜ್ಞಾನಿ ಅದಕ್ಕೂ ಎಂಟು ದಿನ ಮೊದಲಿನ ಪ್ರಯೋಗದಲ್ಲಿ ಸಿಕ್ಕ ಹರಳನ್ನು ಮೊದಲ ಕೃತಕ ವಜ್ರ ಅಂದುಕೊಂಡಿದ್ದರು. ಅದು ನೈಸರ್ಗಿಕ ವಜ್ರದ ಚೂರು ಎಂದು 1993ರಲ್ಲಿ ತಂಡದವರೇ ಪತ್ರಿಕೆಯಲ್ಲಿ ಬರೆದು ತಿದ್ದಿದರು. ಸುಮಾರು ನಾಲ್ಕು ದಶಕದ ಮೇಲೂ ಹೀಗೆ ತಿದ್ದಿಕೊಂಡವರ ಬಗ್ಗೆ ನನಗೆ ಅಪಾರ ಗೌರವ. ಹಾಲ್ ಅವರ ವಿಧಾನವಾದರೋ ಯಾರು ಮಾಡಿದರೂ ಮತ್ತೆ ಮತ್ತೆ ವಜ್ರ ಕೊಡುತ್ತಿತ್ತು.

ಪ್ರೆಸ್‌ನ ಒಳಗಿರುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಇಡೀ ಯಂತ್ರ ಒಂದು ಕೋಣೆಯಷ್ಟು ದೊಡ್ಡದಿದ್ದರೂ ಕೆಲಸ ನಡೆಯುವುದು ಮುಷ್ಟಿಯೊಳಗೆ ಹಿಡಿಯಬಹುದಾದ ಒಂದು ಗಟ್ಟಿಯಲ್ಲಿ. ಅದಕ್ಕೆ ಸೆಲ್ ಅನ್ನುತ್ತಾರೆ. ಹೊರಗೆ ಪೈರೋಫಿಲೈಟ್, ನಮ್ಮ ಬಳಪದ ಕಲ್ಲಿನ ಜಾತಿಗೆ ಹತ್ತಿರದ ಮೆದು ಕಲ್ಲು. ಅದನ್ನು ಕೊರೆದು ಒಳಗೆ ಗ್ರಾಫೈಟ್ ಕೊಳವೆ ಇಡುತ್ತಾರೆ, ಅದೇ ಹೀಟರ್. ಕೊಳವೆಯೊಳಗೆ ಗ್ರಾಫೈಟ್ ಮತ್ತು ನಿಕ್ಕಲ್-ಕಬ್ಬಿಣ ಮಿಶ್ರಲೋಹ. ಎರಡೂ ಕಡೆಯಿಂದ ಟಂಗ್‌ಸ್ಟನ್ ಕಾರ್ಬೈಡ್ ಆನ್ವಿಲ್‌ಗಳು, ಅಂದರೆ ಒತ್ತುವ ಗಟ್ಟಿ ಗೂಟಗಳು, ಒತ್ತುತ್ತವೆ. ಚೀನಾದ ಕ್ಯೂಬಿಕ್ ಪ್ರೆಸ್ ಆದರೆ ಆರೂ ಕಡೆಯಿಂದ. ಒತ್ತಿದಾಗ ಪೈರೋಫಿಲೈಟ್ ಅಂಚಿನ ಸಂದಿಯೊಳಗೆ ಹರಿದು ಬರುತ್ತದೆ, ಸ್ವಲ್ಪ ದೂರ ಹರಿದ ಮೇಲೆ ಗಕ್ಕನೆ ಹಿಡಿದುಕೊಳ್ಳುತ್ತದೆ. ಹರಿಯಲೂ ಬೇಕು, ಹಿಡಿಯಲೂ ಬೇಕು, ಶಾಖವನ್ನೂ ಕರೆಂಟನ್ನೂ ತಡೆಯಬೇಕು. ಇಷ್ಟೂ ಕೆಲಸವನ್ನು ಒಂದು ಮೆದು ಕಲ್ಲು ಮಾಡುತ್ತದೆ. ಹಿಡಿತ ತಪ್ಪಿದರೆ ಬಂದೂಕು ಹಾರಿಸಿದ ಹಾಗೆ ಢಮಾರ್ ಎಂದು ಹೊರಗೆ ಸಿಡಿಯುತ್ತದೆ. ಅದಕ್ಕೇ ಪ್ರೆಸ್ ಸುತ್ತ ದಪ್ಪ ಉಕ್ಕಿನ ಗೋಡೆ ಇರುತ್ತದೆ.

ಇಲ್ಲೊಂದು ಪ್ರಶ್ನೆ ಏಳಬೇಕು. ಕಾರ್ಬೈಡೇ 5-6 ಗಿಗಾಪ್ಯಾಸ್ಕಲ್ ಒತ್ತಡಕ್ಕೆ ಪುಡಿಯಾಗುತ್ತದೆ. ಮತ್ತೆ ಆನ್ವಿಲ್ ಹೇಗೆ ತಡೆಯುತ್ತದೆ? ಉಪಾಯ ಬ್ರಿಡ್ಜ್‌ಮನ್ ಅವರದ್ದೇ. ಆನ್ವಿಲ್‌ನ ಮುಖ ಚಿಕ್ಕದು, ಬೆನ್ನು ಅಗಲ. ಮುಖದ ಮೇಲಿನ ಒತ್ತಡ ಹಿಂದಕ್ಕೆ ಹೋದಂತೆ ಹರಡಿಕೊಳ್ಳುತ್ತದೆ. ಸುತ್ತಲೂ ಬಿಗಿ ಉಕ್ಕಿನ ಬಳೆಗಳನ್ನು ಬಿಸಿ ಮಾಡಿ ತೊಡಿಸಿರುತ್ತಾರೆ, ತಣ್ಣಗಾದಾಗ ಅವು ಆನ್ವಿಲ್ಲನ್ನು ಪಕ್ಕದಿಂದ ಅವುಚಿ ಹಿಡಿಯುತ್ತವೆ. ಹಾಗಿದ್ದರೂ ಆನ್ವಿಲ್ ಬಿರುಕು ಬಿಡುವುದು ಸಾಮಾನ್ಯ. ನಿಮ್ಮ ಇನ್ಸರ್ಟ್ ಬೆಲೆಯಲ್ಲಿ ಅದರ ಪಾಲೂ ಸೇರಿರುತ್ತದೆ.

ಒಳಗಿನ ಒತ್ತಡ ಎಷ್ಟು ಎಂದು ತಿಳಿಯುವುದು ಹೇಗೆ? ಪಂಪಿನ ಮೀಟರ್ ಹೇಳುವುದು ಎಣ್ಣೆಯ ಒತ್ತಡವನ್ನು ಮಾತ್ರ. ಹಾಗಾಗಿ ಸೆಲ್ಲಿನೊಳಗೆ ಬಿಸ್ಮತ್ ಲೋಹದ ತುಂಡಿಟ್ಟು ಕರೆಂಟ್ ಹರಿಸುತ್ತಾರೆ. 2.55 ಗಿಗಾಪ್ಯಾಸ್ಕಲ್ ಮುಟ್ಟಿದಾಗ ಅದರ ಒಳರಚನೆ ಬದಲಾಗಿ ಮೀಟರಿನ ಮುಳ್ಳು ಥಟ್ಟನೆ ಹಾರುತ್ತದೆ. ಬೇರಿಯಂ 5.5ರಲ್ಲಿ ಹಾರುತ್ತದೆ, ಬಿಸ್ಮತ್ ಮತ್ತೆ 7.7ರಲ್ಲಿ. ಈ ಗುರುತುಗಳನ್ನು ಹಿಡಿದು ಎಣ್ಣೆಯ ಒತ್ತಡಕ್ಕೂ ಒಳಗಿನ ಒತ್ತಡಕ್ಕೂ ತಾಳೆ ಹಾಕುತ್ತಾರೆ. ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಗಳಿಗೆ ಅದು. ಟನ್‌ಗಟ್ಟಲೆ ಉಕ್ಕಿನ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ ಒಂದು ಲೋಹ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ.

ಕೆಲಸದ ಕ್ರಮ ಮುಖ್ಯ. ಮೊದಲು ಒತ್ತಡ, ಆಮೇಲೆ ಕಾವು. ಮುಗಿದ ಮೇಲೆ ಮೊದಲು ಕರೆಂಟ್ ತೆಗೆದು ತಣ್ಣಗಾಗಲು ಬಿಡಬೇಕು, ಆಮೇಲೆ ನಿಧಾನವಾಗಿ ಒತ್ತಡ ಇಳಿಸಬೇಕು. ಬಿಸಿ ಇರುವಾಗಲೇ ಒತ್ತಡ ಇಳಿಸಿದರೆ ಅದೇ ಲೋಹದೊಳಗೆ ಆಗಷ್ಟೇ ಹುಟ್ಟಿದ ವಜ್ರ ವಾಪಸ್ ಗ್ರಾಫೈಟ್ ಆಗಿಹೋಗುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇರುವುದು ಈ ಸಾಲಿನಲ್ಲೇ.

ಆ ಕರಗಿದ ಲೋಹ ಏನು ಮಾಡುತ್ತದೆ ಅಂದರೆ, ಗ್ರಾಫೈಟಿನಿಂದ ಇಂಗಾಲದ ಪರಮಾಣುಗಳನ್ನು ಬಿಡಿಸಿ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮೂರಕ್ಕೂ ಇಂಗಾಲ ಅಂದರೆ ಬಲು ಆಸೆ. ಯಾವ ರೂಪ ಅಸ್ಥಿರವೋ ಅದು ಹೆಚ್ಚು ಕರಗುತ್ತದೆ. 5.5 ಗಿಗಾಪ್ಯಾಸ್ಕಲ್‌ನಲ್ಲಿ ಅಸ್ಥಿರವಾಗಿರುವುದು ಗ್ರಾಫೈಟ್. ಹಾಗಾಗಿ ಲೋಹ ಗ್ರಾಫೈಟನ್ನು ಕರಗಿಸುತ್ತಾ ಹೋಗುತ್ತದೆ, ಹಿಡಿಸಲಾರದಷ್ಟು ಆದಾಗ ಅದನ್ನು ವಜ್ರವಾಗಿ ಹೊರಗೆ ಹಾಕುತ್ತದೆ. ಗ್ರಾಫೈಟಿಗೂ ಬೆಳೆಯುತ್ತಿರುವ ವಜ್ರಕ್ಕೂ ನಡುವೆ ಬರೀ ಒಂದು ತೆಳು ಲೋಹದ ಪೊರೆ ಇರುತ್ತದೆ. ಆ ಪೊರೆ ದಾಟಿಯೇ ಪರಮಾಣುಗಳು ಈಚೆಯಿಂದ ಆಚೆಗೆ ಹೋಗುತ್ತವೆ. ಕೆಲಸ ಮುಗಿದ ಮೇಲೆ ಸೆಲ್ಲನ್ನು ಸುತ್ತಿಗೆಯಲ್ಲಿ ಒಡೆದು, ಲೋಹವನ್ನೂ ಉಳಿದ ಗ್ರಾಫೈಟನ್ನೂ ಆಸಿಡ್‌ನಲ್ಲಿ ಕುದಿಸಿ ತೆಗೆಯುತ್ತಾರೆ. ತಳದಲ್ಲಿ ಹಳದಿ ಬಣ್ಣದ ಸಣ್ಣ ಹರಳು ಉಳಿಯುತ್ತದೆ. ಹಳದಿ ಯಾಕೆಂದರೆ ಗಾಳಿಯ ಸಾರಜನಕ ಒಳಗೆ ಸಿಕ್ಕಿಹಾಕಿಕೊಂಡಿರುತ್ತದೆ. ಕೆಲವು ಹರಳಿನೊಳಗೆ ಲೋಹದ ಚುಕ್ಕೆಯೂ ಉಳಿದಿರುತ್ತದೆ, ಅಂಥದ್ದನ್ನು ಆಯಸ್ಕಾಂತ ಹಿಡಿದು ಬೇರೆ ಮಾಡುತ್ತಾರೆ.

ಈಗ ನಿಮ್ಮ ಲೇತ್‌ಗೆ ಬನ್ನಿ. ಅಲ್ಲೂ ವಜ್ರ ಇದೆ, ಕಬ್ಬಿಣ ಇದೆ, ಕಾವು ಇದೆ. ಇಲ್ಲದ್ದು ಒತ್ತಡ ಒಂದೇ. ತುದಿಯ ಮೇಲೆ ಬೀಳುವ ಒತ್ತಡ ಕಮ್ಮಿಯದಲ್ಲ, ಆದರೆ ಗ್ರಾಫೈಟ್-ವಜ್ರ ಸರಿಸಮ ಆಗುವ ಆ ಗೆರೆ ದಾಟಿಸುವಷ್ಟಿಲ್ಲ. ಗೆರೆಯ ಕೆಳಗೆ ಅಸ್ಥಿರವಾಗಿರುವುದು ವಜ್ರವೇ. ಹಾಗಾಗಿ ಕಬ್ಬಿಣ ಈ ಬಾರಿ ವಜ್ರದಿಂದ ಇಂಗಾಲ ಎಳೆದುಕೊಳ್ಳುತ್ತದೆ. ಈಎನ್31ನಲ್ಲಿ ಆಗಲೇ ಸುಮಾರು 1 ಶೇಕಡಾ ಇಂಗಾಲ ಇದೆ. ಬಿಸಿಯಾದ ಕಬ್ಬಿಣ ಕರಗದೆಯೇ 2 ಶೇಕಡಾದವರೆಗೂ ಹಿಡಿಸಿಕೊಳ್ಳಬಲ್ಲದು, ಅದರ ಹೊಟ್ಟೆಯಲ್ಲಿ ಇನ್ನೂ ಜಾಗ ಇದೆ. ಚಿಪ್ ಒಂದೇ ಸಮನೆ ಹೊಸ ಕಬ್ಬಿಣವನ್ನು ತಂದು ತುದಿಗೆ ಉಜ್ಜುತ್ತಿರುತ್ತದೆ. ಒಂದು ಪದರ ಇಂಗಾಲ ಹೊತ್ತುಕೊಂಡು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಹಸಿದ ಪದರ ಬಂದಿರುತ್ತದೆ. ಜೊತೆಗೆ ವಜ್ರದ ಮೇಲ್ಮೈಯನ್ನು ಗ್ರಾಫೈಟ್ ಮಾಡುವುದಕ್ಕೂ ಕಬ್ಬಿಣವೇ ನೆರವಾಗುತ್ತದೆ. ಬರೀ ವಜ್ರವನ್ನು ನಿರ್ವಾತದಲ್ಲಿ ಕಾಯಿಸಿದರೆ ಹೀಗಾಗಲು 1500 ಡಿಗ್ರಿಯ ಮೇಲೆ ಬೇಕು. ಕಬ್ಬಿಣ ಮುಟ್ಟಿಕೊಂಡಿದ್ದರೆ 700-800ಕ್ಕೇ ಶುರು. ಗಾಳಿಯ ಆಮ್ಲಜನಕವೂ ಅದೇ ಕಾವಿನಲ್ಲಿ ವಜ್ರವನ್ನು ಸುಡುತ್ತದೆ. ನಿಮ್ಮ ಎಡ್ಜ್ ಹೋದದ್ದು ಹೀಗೆ. ಲೂಪ್ ಹಿಡಿದು ನೋಡಿ, ಒಡೆದ ಗುರುತಿಗಿಂತ ನಯವಾಗಿ ಬಗೆದು ತೆಗೆದ ಗುಂಡಿಯೇ ಕಾಣುವ ಸಾಧ್ಯತೆ ಜಾಸ್ತಿ.

ತುದಿಯ ಮೇಲೆ ಗ್ರಾಫೈಟ್ ಆಗಿದೆಯೇ ಎಂದು ನೋಡುವ ಉಪಕರಣಕ್ಕೆ ನಮ್ಮ ಬೆಂಗಳೂರಿನ ನಂಟಿದೆ. ಸರ್ ಸಿ. ವಿ. ರಾಮನ್ 1928ರಲ್ಲಿ ಕೋಲ್ಕತ್ತದಲ್ಲಿ ಕಂಡ ಪರಿಣಾಮದ ಮೇಲೆ ನಿಂತ ಯಂತ್ರ ಅದು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಅವರು ವರ್ಷಗಟ್ಟಲೆ ವಜ್ರಗಳನ್ನೇ ಅಭ್ಯಾಸ ಮಾಡಿದರು. ಲೇಸರ್ ಬಿಟ್ಟಾಗ ಚದುರಿ ಬರುವ ಬೆಳಕಿನ ಅಳತೆ ಪಟ್ಟಿಯಲ್ಲಿ ವಜ್ರ 1332ರ ಜಾಗದಲ್ಲಿ ಒಂದೇ ಒಂದು ಚೂಪು ಗೆರೆ ಕೊಡುತ್ತದೆ, ಗ್ರಾಫೈಟ್ 1580ರ ಹತ್ತಿರ. ಎರಡನೆಯ ಗೆರೆ ಎದ್ದಿದ್ದರೆ ವಜ್ರ ಕೆಟ್ಟಿದೆ ಎಂದರ್ಥ.

ಅಲ್ಯೂಮಿನಿಯಂನಲ್ಲಿ ಅದೇ ಪಿಸಿಡಿ ತಿಂಗಳುಗಟ್ಟಲೆ ನಿಂತದ್ದು ಯಾಕೆ? ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಹಾಗಾಗಿ ತುದಿಯ ಕಾವು ಅದಕ್ಕಿಂತ ಮೇಲೆ ಹೋಗುವ ಹಾಗೇ ಇಲ್ಲ. ಅಷ್ಟು ಕಾವಿನಲ್ಲಿ, ಅಷ್ಟು ಕಡಿಮೆ ಹೊತ್ತಿನಲ್ಲಿ ಅದು ಇಂಗಾಲವನ್ನು ಎಳೆದುಕೊಳ್ಳುವುದೂ ಇಲ್ಲ. ಎರಕದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಕಣಗಳು ಇರುತ್ತವೆ. ಕಾರ್ಬೈಡ್ ತುದಿಯನ್ನು ಅವು ಕೆರೆದು ಹಾಕುತ್ತವೆ, ವಜ್ರಕ್ಕೆ ಏನೂ ಮಾಡಲಾರವು. ಅಲ್ಲಿ ನಡೆಯುವುದು ನಿಜವಾಗಿಯೂ ಗಡಸುತನದ ಜಗಳ, ಅದರಲ್ಲಿ ವಜ್ರಕ್ಕೆ ಎದುರಿಲ್ಲ. ನಮ್ಮ ಕನಕಪುರ, ಇಳಕಲ್ ಕಡೆಯ ಗ್ರಾನೈಟ್ ಕೊಯ್ಯುವುದೂ ಹಾಗೆಯೇ. ಕಲ್ಲಿನಲ್ಲಿ ಲೋಹದ ಕಬ್ಬಿಣ ಇಲ್ಲ, ನೀರು ಬಿಡುತ್ತಲೇ ಇರುತ್ತಾರೆ, ಹಾಗಾಗಿ ವಜ್ರದ ಗರಗಸ, ವಜ್ರದ ವೈರ್ ಚೆನ್ನಾಗಿ ಬಾಳುತ್ತವೆ. ಅದೇ ಕಲ್ಲಿಗೆ ಬೋರ್‌ವೆಲ್ ಕೊರೆಯುವಾಗ ಬಿಟ್‌ನಲ್ಲಿ ಇರುವುದು ಕಾರ್ಬೈಡ್ ಬಟನ್. ಅಲ್ಲಿ ಸುತ್ತಿಗೆ ಏಟು. ವಜ್ರ ಗಟ್ಟಿ ಹೌದು, ಏಟು ತಡೆಯುವ ತಾಳಿಕೆ ಕಡಿಮೆ. ಕಾರ್ಬೈಡಿನಲ್ಲಿ ಕೋಬಾಲ್ಟ್ ಅಂಟಿನಂತೆ ಇದ್ದು ಬಿರುಕನ್ನು ನಿಲ್ಲಿಸುತ್ತದೆ.

ಇನ್ನು ಸಿಬಿಎನ್. ಬೋರಾನ್ ಮತ್ತು ಸಾರಜನಕ ಸೇರಿ ಆಗುವ ಬೋರಾನ್ ನೈಟ್ರೈಡಿಗೂ ಇಂಗಾಲದ ಹಾಗೇ ಎರಡು ರೂಪ. ಒಂದು ಹಾಳೆ ಹಾಳೆಯಾದ ಬಿಳಿ ಪುಡಿ, ಜಾರುವಂಥದ್ದು. ಅದನ್ನು ಒತ್ತಿದರೆ ವಜ್ರದ ರಚನೆಯ ಗಟ್ಟಿ ಹರಳು. ಜನರಲ್ ಎಲೆಕ್ಟ್ರಿಕ್‌ನ ಅದೇ ತಂಡದಲ್ಲಿದ್ದ ರಾಬರ್ಟ್ ವೆಂಟಾರ್ಫ್ 1957ರಲ್ಲಿ ಇದನ್ನು ಮಾಡಿ ತೋರಿಸಿದರು. ಇದು ನಿಸರ್ಗದಲ್ಲಿ ಸಿಗುವುದನ್ನು ನೋಡಿ ನಕಲು ಮಾಡಿದ್ದಲ್ಲ, ಹೀಗೊಂದು ವಸ್ತು ಇರಲೇಬೇಕು ಎಂದು ಯೋಚಿಸಿ ಮಾಡಿದ್ದು. ವಜ್ರದಷ್ಟೇ ಹೆಸರು ಈ ಕೆಲಸಕ್ಕೂ ಬರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಹುಟ್ಟಿಸಲು ಬೇಕಾಗುವ ದ್ರಾವಕ ಬೇರೆ: ಲೀಥಿಯಂ, ಮೆಗ್ನೀಸಿಯಂ ಇಂಥವು ಮತ್ತು ಅವುಗಳ ನೈಟ್ರೈಡುಗಳು. ಕಬ್ಬಿಣಕ್ಕೆ ಇದರ ಮೇಲೆ ಅಂಥ ಆಸೆ ಇಲ್ಲ. ಆದ್ದರಿಂದ ಕೆಂಪಗೆ ಕಾದ ಸ್ಟೀಲಿನ ಮುಂದೆಯೂ ಸಿಬಿಎನ್ ತುದಿ ನಿಲ್ಲುತ್ತದೆ. ಗಾಳಿಯಲ್ಲೂ 1000 ಡಿಗ್ರಿ ದಾಟುವವರೆಗೆ ಅದಕ್ಕೆ ಹೆಚ್ಚೇನೂ ಆಗುವುದಿಲ್ಲ. ಅರ್ಧದಷ್ಟೇ ಗಡಸುತನ ಇದ್ದರೂ ಸ್ಟೀಲಿಗಿಂತ ಆರೇಳು ಪಟ್ಟು ಗಟ್ಟಿ, ಅಷ್ಟು ಸಾಕು. ಇದಕ್ಕೂ ಒಂದು ಶತ್ರು ಇದೆ, ಬಿಸಿ ಹಬೆ. ಹೆಚ್ಚು ಕಾವಿನಲ್ಲಿ ನೀರಿನ ಆವಿ ಸಿಕ್ಕರೆ ಅದು ಬೋರಿಕ್ ಆಸಿಡ್ ಆಗುವ ದಾರಿ ಹಿಡಿಯುತ್ತದೆ. ಸಿಬಿಎನ್ ಗ್ರೈಂಡಿಂಗ್ ವೀಲ್‌ಗೆ ನೀರಿನ ಕೂಲೆಂಟ್‌ಗಿಂತ ಎಣ್ಣೆ ಹಾಕಿದರೆ ಬಾಳಿಕೆ ಜಾಸ್ತಿ ಬರುವುದಕ್ಕೆ ಇದೂ ಒಂದು ಕಾರಣ.

ಬೆಲೆಯ ವಿಷಯ. ನಿಮ್ಮ ಪಿಸಿಡಿ ತುದಿ ಒಂದೇ ವಜ್ರ ಅಲ್ಲ. ಮೊದಲು ಒಂದು ಸಲ ಪ್ರೆಸ್‌ನಲ್ಲಿ ವಜ್ರದ ಪುಡಿ ಮಾಡಬೇಕು. ಅದನ್ನು ಸೋಸಿ ಗಾತ್ರ ವಿಂಗಡಿಸಿ, ಒಂದು ಕಾರ್ಬೈಡ್ ಬಿಲ್ಲೆಯ ಮೇಲೆ ಹಾಸಿ, ಎರಡನೇ ಸಲ ಅದೇ 5.5 ಗಿಗಾಪ್ಯಾಸ್ಕಲ್, 1400-1500 ಡಿಗ್ರಿಗೆ ಒಯ್ಯಬೇಕು. ಕಾರ್ಬೈಡಿನ ಕೋಬಾಲ್ಟ್ ಕರಗಿ ಪುಡಿಯ ಸಂದಿಗಳಿಗೆ ನುಗ್ಗುತ್ತದೆ, ವಜ್ರದ ಕಣಗಳು ಒಂದಕ್ಕೊಂದು ನೇರವಾಗಿ ಬೆಸೆದುಕೊಳ್ಳುತ್ತವೆ. ಕೊನೆಗೆ ಸಿಗುವುದು ಅರ್ಧ ಮಿಲಿಮೀಟರ್ ದಪ್ಪದ ಪದರ. ಸೆಲ್ ಪ್ರತಿ ಸಲ ಹೊಸದು ಬೇಕು, ಒಮ್ಮೆ ಬಳಸಿದ್ದು ಮತ್ತೆ ಬರುವುದಿಲ್ಲ. ಆಮೇಲೆ ಬಿಲ್ಲೆಯನ್ನು ವೈರ್‌ಕಟ್‌ನಲ್ಲಿ ತುಂಡು ಮಾಡಿ, ಇನ್ಸರ್ಟ್ ಮೂಲೆಗೆ ಬ್ರೇಜ್ (ಬೆಸುಗೆ) ಮಾಡಿ, ವಜ್ರದ ವೀಲ್‌ನಲ್ಲೇ ಎಡ್ಜ್ ತೆಗೆಯಬೇಕು. ವಜ್ರದಿಂದ ವಜ್ರವನ್ನು ಉಜ್ಜುವ ಆ ಗ್ರೈಂಡಿಂಗ್ ಬಹಳ ನಿಧಾನ, ವೀಲ್ ಕೂಡ ಸವೆಯುತ್ತಾ ಹೋಗುತ್ತದೆ. ಸಿಬಿಎನ್ ಇನ್ಸರ್ಟ್ ದಾರಿಯೂ ಹೆಚ್ಚುಕಮ್ಮಿ ಇದೇ.

ಪಿಸಿಡಿ ಒಳಗಿನ ಕೋಬಾಲ್ಟನ್ನು ಮರೆಯಬೇಡಿ. ಅದೂ ಕಬ್ಬಿಣದ ನೆಂಟನೇ. ಪ್ರೆಸ್‌ನಲ್ಲಿ ಕಣಗಳನ್ನು ಬೆಸೆದದ್ದು ಅದು, ಹೊರಗೆ ಬಂದ ಮೇಲೆ 700 ಡಿಗ್ರಿ ದಾಟಿದರೆ ಒಳಗಿನಿಂದಲೇ ವಜ್ರವನ್ನು ಗ್ರಾಫೈಟ್ ಮಾಡಲು ಶುರು ಮಾಡುವುದೂ ಅದೇ. ಜೊತೆಗೆ ಅದು ವಜ್ರಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ, ಆ ಹಿಗ್ಗಿಗೇ ಕಣಗಳ ನಡುವೆ ಬಿರುಕು ಬೀಳುತ್ತದೆ. ತೈಲ ಬಾವಿ ಕೊರೆಯುವ ಪಿಸಿಡಿ ಬಿಟ್‌ಗಳಲ್ಲಿ ಇದೇ ದೊಡ್ಡ ತಲೆನೋವು. ಅಲ್ಲಿ ಮೇಲ್ಪದರದ ಕೋಬಾಲ್ಟನ್ನು ಆಸಿಡ್‌ನಿಂದ ತೊಳೆದು ತೆಗೆದೇ ಕಳಿಸುತ್ತಾರೆ. ಲೋಹವೇ ಇಲ್ಲದ ವಜ್ರವನ್ನೂ ಮಾಡಿದ್ದಾರೆ. ಜಪಾನಿನ ಎಹಿಮೆ ವಿಶ್ವವಿದ್ಯಾಲಯದ ತೆತ್ಸುವೋ ಇರಿಫುನೆ ಅವರ ತಂಡ 2003ರಲ್ಲಿ ಗ್ರಾಫೈಟನ್ನು ದ್ರಾವಕವಿಲ್ಲದೆ ನೇರವಾಗಿ ನ್ಯಾನೋ ಕಣಗಳ ವಜ್ರವಾಗಿ ಪರಿವರ್ತಿಸಿತು. ಅದಕ್ಕೆ 12 ಗಿಗಾಪ್ಯಾಸ್ಕಲ್‌ಗೂ ಮೀರಿದ ಒತ್ತಡ, 2300 ಡಿಗ್ರಿಗೂ ಮೀರಿದ ಕಾವು ಬೇಕಾಯಿತು. ಮಧ್ಯವರ್ತಿಯನ್ನು ಬಿಟ್ಟರೆ ಎಷ್ಟು ಹೆಚ್ಚು ತೆರಬೇಕು ಎಂದು ಇದರಿಂದ ಗೊತ್ತಾಗುತ್ತದೆ.

ಒತ್ತಡವೇ ಇಲ್ಲದ ದಾರಿಯೂ ಒಂದಿದೆ, ಸಿವಿಡಿ. ಮೀಥೇನ್ ಮತ್ತು ಹೈಡ್ರೋಜನ್ ಅನಿಲದಿಂದ ಪದರ ಪದರವಾಗಿ ವಜ್ರ ಬೆಳೆಸುವುದು. ಸೂರತ್‌ನವರು ಒಡವೆಗೆ ಬೆಳೆಸುವುದು ಹೆಚ್ಚಾಗಿ ಹೀಗೆ. ನಿಮ್ಮ ಶಾಫ್ಟ್‌ಗೆ ಅದರಿಂದಲೂ ಉಪಯೋಗ ಇಲ್ಲ, ಯಾವ ದಾರಿಯಲ್ಲಿ ಬಂದರೂ ವಜ್ರ ವಜ್ರವೇ.

"ವಜ್ರಕ್ಕಿಂತ ಗಟ್ಟಿ ವಸ್ತು ಸಿಕ್ಕಿತು" ಎಂಬ ಸುದ್ದಿ ನೀವೂ ಆಗಾಗ ಓದಿರಬಹುದು. ಅಂಥ ಸುದ್ದಿಯನ್ನು ಸ್ವಲ್ಪ ತಡೆದು ಓದಿ ಅನ್ನುತ್ತೇನೆ. ಗಡಸುತನ ಅಳೆಯುವ ಮೊನೆಯೇ ವಜ್ರದ್ದು. ಅಳೆಯುವ ವಸ್ತು ಮೊನೆಯಷ್ಟೇ ಗಟ್ಟಿ ಇದ್ದಾಗ ಮೊನೆಯೂ ಕೆಡುತ್ತದೆ, ಕಡಿಮೆ ಭಾರ ಹಾಕಿದರೆ ಅಂಕಿ ಸುಮ್ನೆ ಮೇಲೆ ಹೋಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಒಂದು ಅಂಕಿ ಆ ವಸ್ತುವಿನ ಪೂರ್ತಿ ನಡತೆಯನ್ನು ಹೇಳುವುದಿಲ್ಲ. ಬೋರಾನ್ ಕಾರ್ಬೈಡ್ ನೋಡಿ. ಗುಂಡು ತಡೆಯುವ ಕವಚಕ್ಕೆ ಹಾಕುತ್ತಾರೆ, 30 ಗಿಗಾಪ್ಯಾಸ್ಕಲ್ ಗಡಸುತನ. ಆದರೆ ತೀರಾ ವೇಗದ ಗುಂಡು ಬಡಿದು 20 ಗಿಗಾಪ್ಯಾಸ್ಕಲ್ ಮೀರಿದ ಆಘಾತ ಬಿದ್ದರೆ ಅದರ ಹರಳಿನೊಳಗೆ ಕೆಲವೇ ನ್ಯಾನೋಮೀಟರ್ ಅಗಲದ ಪಟ್ಟಿಗಳು ಗಾಜಿನಂತೆ ಕುಸಿಯುತ್ತವೆ, ಬಲ ಒಮ್ಮೆಲೇ ಇಳಿಯುತ್ತದೆ. 2003ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದು ಕಣ್ಣಿಗೆ ಕಂಡಿತು. ವಜ್ರದ ಕಥೆ ಇದಕ್ಕೆ ಉಲ್ಟಾ. ಅಮೆರಿಕದ ದೊಡ್ಡ ಲೇಸರ್ ಕೇಂದ್ರದಲ್ಲಿ 2000 ಗಿಗಾಪ್ಯಾಸ್ಕಲ್‌ವರೆಗೆ ಒತ್ತಿದರೂ ಅದು ತನ್ನ ರಚನೆ ಬಿಟ್ಟುಕೊಡಲಿಲ್ಲ ಎಂದು 2021ರಲ್ಲಿ ವರದಿಯಾಯಿತು. ಭೂಮಿಯ ನಡುಗರ್ಭದ ಒತ್ತಡ 360 ಗಿಗಾಪ್ಯಾಸ್ಕಲ್ ಆಸುಪಾಸು. ಅಂಥ ವಜ್ರ ನಿಮ್ಮ ಲೇತ್ ಮೇಲೆ ಕೆಲವು ನಿಮಿಷದಲ್ಲಿ ಸೋತಿತು.

ಈಗ ನೀವು ಮಾಡಬೇಕಾದದ್ದು ಹೇಳುತ್ತೇನೆ. ಈಎನ್31, 58-62 ಎಚ್‌ಆರ್‌ಸಿ, ಎಲ್ಲೂ ಕಡಿತ ಇಲ್ಲದ ದುಂಡು ಶಾಫ್ಟ್ ಆದರೆ ಸಿಬಿಎನ್ ಪ್ರಮಾಣ ಕಡಿಮೆ ಇರುವ, ಅಂದರೆ 50-65 ಶೇಕಡಾ ಇರುವ, ಟೈಟಾನಿಯಂ ನೈಟ್ರೈಡ್ ಅಂಟಿನ (ಬೈಂಡರ್) ಗ್ರೇಡ್ ಕೇಳಿ. ಹೆಸರು ಕೇಳಿ ಜಾಸ್ತಿ ಸಿಬಿಎನ್ ಇದ್ದರೆ ಒಳ್ಳೆಯದು ಅನ್ನಿಸುತ್ತದೆ, ಫಿನಿಶಿಂಗ್‌ಗೆ ಅದು ನಿಜವಲ್ಲ. ಜಾಸ್ತಿ ಇರುವ ಗ್ರೇಡ್ ಎರಕದ ಕಬ್ಬಿಣಕ್ಕೆ ಮತ್ತು ಜೋರು ಏಟು ಬೀಳುವ ಕೆಲಸಕ್ಕೆ. ಸ್ಪೀಡ್ ನಿಮಿಷಕ್ಕೆ 100ರಿಂದ 180 ಮೀಟರ್, ಡೆಪ್ತ್ 0.1ರಿಂದ 0.25 ಮಿಲಿಮೀಟರ್, ಫೀಡ್ 0.05ರಿಂದ 0.15 ಇಟ್ಟು ಶುರು ಮಾಡಿ. ಕೂಲೆಂಟ್ ಬೇಡ, ಒಣಗೇ ಓಡಿಸಿ. ಇಲ್ಲಿ ಕಾವು ನಿಮ್ಮ ಪರ, ಕತ್ತರಿಸುವ ಜಾಗದ ಸ್ಟೀಲನ್ನು ಅದು ಮೆತ್ತಗೆ ಮಾಡಿಕೊಡುತ್ತದೆ. ಕೀವೇ (ಉದ್ದಕ್ಕೆ ಕೊರೆದ ಸಂದಿ) ಇರುವ ಶಾಫ್ಟ್ ಆದರೆ ಎಡ್ಜ್ ಮೇಲೆ ಅಗಲ ಚಾಂಫರ್ ಇರುವ, ಇನ್ನೂ ತಾಳಿಕೆಯ ಗ್ರೇಡ್ ತಗೊಳ್ಳಿ. ಅಲ್ಲಂತೂ ಕೂಲೆಂಟ್ ಬಿಡಲೇಬಾರದು, ಬಿಸಿ-ತಣ್ಣಗೆ ಆಗಿ ಎಡ್ಜ್ ಸೀಳುತ್ತದೆ. ಲೇತ್‌ನಲ್ಲಿ ಅಲುಗಾಟ ಇದ್ದರೆ ಯಾವ ಗ್ರೇಡೂ ನಿಲ್ಲದು, ಟೂಲ್ ಆದಷ್ಟು ಕಡಿಮೆ ಹೊರಗೆ ಚಾಚಿರಲಿ. ಇನ್ನೊಂದು, ತಿಂಗಳಿಗೆ ಹತ್ತಿಪ್ಪತ್ತೇ ಶಾಫ್ಟ್ ಬರುತ್ತವೆ ಅಂದರೆ ಸಿಬಿಎನ್‌ಗೆ ಮೊದಲು ಸೆರಾಮಿಕ್ ಇನ್ಸರ್ಟ್ ಹಾಕಿ ನೋಡಿ, ದುಂಡು ಜಾಬ್‌ಗೆ ಅದೂ ಸಾಕಾಗಬಹುದು, ಬೆಲೆ ಎಷ್ಟೋ ಕಮ್ಮಿ. 45 ಎಚ್‌ಆರ್‌ಸಿಗಿಂತ ಕೆಳಗಿನ ಸ್ಟೀಲಿಗೆ ಸಿಬಿಎನ್ ದುಡ್ಡು ದಂಡ, ಕಾರ್ಬೈಡೇ ಸರಿ.

ಎಡ್ಜ್ ಹೋದ ಪಿಸಿಡಿಯನ್ನು ಎಸೆಯಬೇಡಿ. ಕೆಟ್ಟಿರುವುದು ಮೇಲಿನ ಸ್ವಲ್ಪ ಭಾಗ, ರೀಗ್ರೈಂಡ್ ಮಾಡಿಸಿದರೆ ಮತ್ತೆ ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರಕ್ಕೆ ಬರುತ್ತದೆ. ತುದಿ ಬಿಚ್ಚಿ ಮತ್ತೆ ಬ್ರೇಜ್ ಮಾಡಿಸುವುದಾದರೆ ಕೆಲಸದವರಿಗೆ ಮೊದಲೇ ಹೇಳಿ: 700 ಡಿಗ್ರಿ ದಾಟಬಾರದು, ಬೆಳ್ಳಿ ಬ್ರೇಜ್ ಆಗಬೇಕು, ಗ್ಯಾಸ್ ಜ್ವಾಲೆ ನೇರವಾಗಿ ವಜ್ರದ ಮೇಲೆ ಬೀಳದೆ ಶ್ಯಾಂಕ್ ಮೇಲೆ ಇರಬೇಕು.